ಮೊದಲು ತಟ್ಟೆ ನೋಡಿ, ಆಮೇಲೆ ಬಾಟಲಿ

ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯಿಂದ ಪುಣೆಗೆ ಬಂದು ಹಿಂಜವಡಿಯಲ್ಲೋ ಖರಾಡಿಯಲ್ಲೋ ಕೆಲಸ ಹಿಡಿದ ಮಕ್ಕಳೇ, ಬಡ್ತಿ, ಹುಟ್ಟುಹಬ್ಬ ಅಂತ ನಿಮ್ಮ ಊಟದ ಮೇಜಿಗೆ ಈಗ ಫ್ರೆಂಚ್ ಕೆಂಪು ವೈನ್ ಬರುತ್ತಿದೆ. ಕುಡಿಯದವರು ಯಾರ ಒತ್ತಾಯಕ್ಕೂ ಮಣಿದು ಕಲಿಯಬೇಡಿ. ಕುಡಿಯುವವರು ಬೆಲೆಗೆ ಮರುಳಾಗದೆ, ಊಟಕ್ಕೆ ಹೊಂದುವುದನ್ನು ಆರಿಸಿಕೊಳ್ಳಿ.

ಫ್ರಾನ್ಸಿನ ಬಾಟಲಿಗಳ ಮೇಲೆ ಸಾಮಾನ್ಯವಾಗಿ ದ್ರಾಕ್ಷಿಯ ಹೆಸರಿಗಿಂತ ಊರಿನ ಹೆಸರೇ ದೊಡ್ಡದಾಗಿರುತ್ತದೆ. ಅದಕ್ಕೆ ಗಾಬರಿ ಬೇಡ. ಬೋರ್ಡೋ ಕೆಂಪು ಅಂದರೆ ಹೆಚ್ಚಾಗಿ ಕ್ಯಾಬರ್ನೆ ಸೊವಿನ್ಯೋ, ಮೆರ್ಲೋಗಳ ಬೆರಕೆ, ಒಗರು ಜಾಸ್ತಿ. ರೋನ್ ಕಣಿವೆಯ ಉತ್ತರ ಭಾಗದ ಎರ್ಮಿತಾಜ್, ಕ್ರೋಜ್-ಎರ್ಮಿತಾಜ್, ಸ್ಯಾಂ ಜೋಸೆಫ್ ಕೆಂಪು ವೈನುಗಳಿಗೆ ಸಿರಾ ದ್ರಾಕ್ಷಿಯೇ ಜೀವಾಳ. ನಮ್ಮ ಅಡುಗೆಗೆ ಯಾವುದು ಅಂತ ನನ್ನನ್ನು ಕೇಳಿದರೆ, ಸಿರಾ ಅಂತಲೇ ಹೇಳುತ್ತೇನೆ.

ಕಾರಣವಿದೆ. ಸಿರಾದಲ್ಲಿ ಕರಿಮೆಣಸಿನ ಘಮ ಇರುತ್ತದೆ. ಅದಕ್ಕೆ ಕಾರಣ ರೊಟಂಡೋನ್ ಎಂಬ ಅಂಶ ಎಂದು ಆಸ್ಟ್ರೇಲಿಯದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ನಮ್ಮ ಮೆಣಸಿನ ಕಾಳಿನಲ್ಲಿರುವುದೂ ಅದೇ. ಹಾಗಾಗಿ ಮೆಣಸು, ಕಾಚಂಪುಳಿ ಹಾಕಿ ಕಪ್ಪಾಗುವ ತನಕ ಬೇಯಿಸಿದ ಕೊಡಗಿನ ಪಂದಿ ಕರಿಗೆ ಇದು ಹೇಳಿಮಾಡಿಸಿದ ಜೋಡಿ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ವೈನಿಗೆ ಬರುವ ಒಗರು ಜೊಲ್ಲಿನ ಪ್ರೋಟೀನನ್ನು ಹಿಡಿದು ಬಾಯಿ ಒಣಗಿಸುತ್ತದೆ. ಕೊಬ್ಬಿರುವ ಒಂದು ತುಂಡು ಅಗಿದು ಮೇಲೊಂದು ಗುಟುಕು ಕುಡಿದು ನೋಡಿ: ಒಗರು ಮೆತ್ತಗಾಗುತ್ತದೆ, ಜಿಡ್ಡು ತೊಳೆದು ಹೋಗುತ್ತದೆ, ಮೆಣಸಿನ ಘಮ ಮಾತ್ರ ಉಳಿಯುತ್ತದೆ.

ಸಸ್ಯಾಹಾರಿಗಳಿಗೂ ದಾರಿಯಿದೆ. ಶೇಂಗಾ, ಎಳ್ಳು ಅರೆದು ತುಂಬಿದ ಬದನೆಕಾಯಿ ಎಣ್ಣೆಗಾಯಿ, ಜೊತೆಗೆ ಜೋಳದ ರೊಟ್ಟಿ. ಪುಣೆಯ ಭರಲಿ ವಾಂಗಿ ಇದರದೇ ನೆಂಟ. ಶೇಂಗಾದ ಜಿಡ್ಡು ಮಾಂಸದ ಕೊಬ್ಬಿನ ಕೆಲಸ ಮಾಡುತ್ತದೆ. ಖಾರ ಮಾತ್ರ ಹದವಾಗಿರಲಿ. ಮದ್ಯಸಾರ ಮೆಣಸಿನಕಾಯಿಯ ಉರಿಯನ್ನು ಕೆದಕುತ್ತದೆ. ತಾಂಬಡಾ ರಸ್ಸಾ, ಠೇಚಾ, ರಂಜಕಗಳಿಗೆ ಮಜ್ಜಿಗೆಯೇ ಸರಿ. ಸುರಮಯಿ ಮೀನಿಗೂ ಕೆಂಪು ವೈನ್ ಬೇಡ. ವೈನಿನಲ್ಲಿನ ಕಬ್ಬಿಣದ ಅಂಶಕ್ಕೆ ಮೀನಿನ ಎಣ್ಣೆ ಸೇರಿದರೆ ಬಾಯಿ ಕಮಟಾಗುತ್ತದೆ. ಶ್ರೀಖಂಡ, ಹೋಳಿಗೆ ಬಡಿಸುವ ಹೊತ್ತಿಗೆ ಲೋಟ ಪಕ್ಕಕ್ಕಿಡಿ. ಸಿಹಿಯ ಮುಂದೆ ಒಳ್ಳೆಯ ವೈನೂ ಹುಳಿ ಹುಳಿಯಾಗುತ್ತದೆ.

ಕೆಂಪು ವೈನನ್ನು ಕೋಣೆಯ ತಾಪದಲ್ಲಿ ಕುಡಿಯಬೇಕು ಅನ್ನುವುದು ತಂಪು ದೇಶದ ಮಾತು. ಅದಕ್ಕೆ ಬೇಕಾದ್ದು 16ರಿಂದ 18 ಡಿಗ್ರಿ. ಪುಣೆಯ ಏಪ್ರಿಲ್ ಬಿಸಿಲಲ್ಲಿ ಬಾಟಲಿಯನ್ನು ಅರ್ಧ ತಾಸು ಫ್ರಿಜ್ಜಿನಲ್ಲಿಟ್ಟು ಹೊರಗೆ ತೆಗೆಯಿರಿ. ಲೋಟದ ಮೂರನೇ ಒಂದು ಪಾಲು ಸಾಕು. ಘಮ ಆಡಲು ಜಾಗ ಬೇಕು. ಉಳಿದದ್ದನ್ನು ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ.

ಇನ್ನೊಂದು ಮಾತು. ಸಿರಾ ಈಗ ಶಿರಾಜ್ ಎಂಬ ಹೆಸರಲ್ಲಿ ನಮ್ಮ ನಂದಿಬೆಟ್ಟದ ಸೀಮೆಯಲ್ಲೂ, ಪುಣೆ ಜಿಲ್ಲೆಯ ಬಾರಾಮತಿ ಕಡೆಯಲ್ಲೂ ಬೆಳೆಯುತ್ತಿದೆ. ಫ್ರಾನ್ಸಿನಲ್ಲಿ ಸೆಪ್ಟೆಂಬರಿನ ಸುಮಾರಿಗೆ ಕೊಯ್ಲಾದರೆ ಇಲ್ಲಿ ಮಳೆ ಮುಗಿದ ಮೇಲೆ ಕುಡಿ ಕತ್ತರಿಸಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ಕೊಯ್ಯುತ್ತಾರೆ. ಪರದೇಶದ ಬಾಟಲಿಗೆ ದುಡ್ಡು ಸುರಿಯುವ ಮೊದಲು ಇಲ್ಲಿಯದನ್ನು ಅದೇ ಎಣ್ಣೆಗಾಯಿಯ ಜೊತೆ ಕುಡಿದು ನೋಡಿ, ನಾಲಿಗೆ ಪಳಗುತ್ತದೆ.

ವೈನಾದರೂ ಅದರಲ್ಲಿ ಶೇಕಡ 13, 14ರಷ್ಟು ಮದ್ಯಸಾರ ಇರುತ್ತದೆ ಎಂಬುದನ್ನು ಮರೆಯಬೇಡಿ. ಮಹಾರಾಷ್ಟ್ರದ 1949ರ ಮದ್ಯನಿಷೇಧ ಕಾಯ್ದೆಯಂತೆ ಕುಡಿಯಲು ಪರವಾನಗಿ ಬೇಕು, ಮಾಡಿಸಿಕೊಳ್ಳಿ. ಒಂದೇ ಲೋಟ ಕುಡಿದಿದ್ದರೂ ಗಾಡಿ ಮುಟ್ಟಬೇಡಿ. ಬರಿ ಹೊಟ್ಟೆಯಲ್ಲಂತೂ ಬೇಡವೇ ಬೇಡ. ಹೋಟೆಲಿನಲ್ಲಿ ‘ಯಾವ ವೈನ್ ಒಳ್ಳೇದು?’ ಅಂತ ಕೇಳಬೇಡಿ. ‘ನಾವು ಇದನ್ನು ಉಣ್ಣುತ್ತೇವೆ, ಇದಕ್ಕೆ ಯಾವುದು ಹೊಂದುತ್ತದೆ?’ ಅಂತ ಕೇಳಿ.