ಫಿಸ್ಟುಲಾ ಕೈ: ಮುಲುಂಡ್‌ನ ನಮ್ಮವರಿಗೆ ಕೆಲವು ಕಿವಿಮಾತು

ಸಕ್ಕರೆ ಕಾಯಿಲೆ, ಬಿ.ಪಿ. ಹಳತಾದ ಮನೆಗೆ ಡಯಾಲಿಸಿಸ್ ಸದ್ದಿಲ್ಲದೆ ಬರುತ್ತದೆ. ಮುಂಬೈಯ ಮುಲುಂಡ್‌ನ ನಮ್ಮ ಕನ್ನಡದ ಮನೆಗಳಲ್ಲಿ ಈಗ ಈ ಮಾತು ಹೊಸದಲ್ಲ. ಆದರೂ ಡಾಕ್ಟರು “ಫಿಸ್ಟುಲಾ ಮಾಡಿಸಿ” ಅಂದರೆ ಎಲ್ಲರ ಮುಖವೂ ಸಣ್ಣದಾಗುತ್ತದೆ. ನಮ್ಮ ಯಜಮಾನರು ಮಶೀನಿಗೆ ಕೂತು ವರ್ಷಗಳಾದವು. ನೋಡಿ, ಕೇಳಿ ತಿಳಿದದ್ದನ್ನು ಹೇಳುತ್ತೇನೆ.

• ಮುಂದೂಡಬೇಡಿ. “ಗಣಪತಿ ಹಬ್ಬ ಕಳೆಯಲಿ, ಮಗಳ ಮದುವೆ ಆಗಲಿ” ಅನ್ನುತ್ತ ಕೂತರೆ ಕ್ರಿಯೇಟಿನಿನ್ ಕಾಯುವುದಿಲ್ಲ. ಫಿಸ್ಟುಲಾ ಬಲಿಯಲು ಆರರಿಂದ ಎಂಟು ವಾರ ಬೇಕು, ಕೆಲವರಿಗೆ ಮೂರ್ನಾಲ್ಕು ತಿಂಗಳೇ ಹಿಡಿಯುತ್ತದೆ. ಡಯಾಲಿಸಿಸ್ ಬೇಕಾಗಬಹುದು ಎಂದು ಡಾಕ್ಟರು ಸೂಚನೆ ಕೊಟ್ಟ ದಿನವೇ ಇದರ ಮಾತೆತ್ತಿ. ತಡಮಾಡಿದವರಿಗೆ ಕೊನೆಗೆ ಕತ್ತಿನ ಪೈಪೇ ಗತಿ. ಅದಕ್ಕೆ ಸೋಂಕು ಬೇಗ ತಗಲುತ್ತದೆ, ಸೋಂಕು ನೇರ ರಕ್ತಕ್ಕೇ ಇಳಿಯುತ್ತದೆ.

• ಫಿಸ್ಟುಲಾ ಅಂದರೆ ಏನು ಅಂತ ತಿಳಿದರೆ ಅರ್ಧ ಹೆದರಿಕೆ ಹೋಗುತ್ತದೆ. ಮಶೀನಿಗೆ ನಿಮಿಷಕ್ಕೆ ಸುಮಾರು 300 ಮಿ.ಲೀ. ರಕ್ತ ಬೇಕು, ಅದೂ ನಾಲ್ಕು ಗಂಟೆ ಬಿಡದೆ. ಚರ್ಮದಡಿ ಕಾಣುವ ಅಭಿಧಮನಿಯಲ್ಲಿ ಅಷ್ಟು ಓಟವಿಲ್ಲ. ಓಟವಿರುವ ಅಪಧಮನಿ ಆಳದಲ್ಲಿದೆ, ಅದನ್ನು ದಿನಬಿಟ್ಟು ದಿನ ಚುಚ್ಚುವಂತಿಲ್ಲ. ಎರಡನ್ನೂ ಹೊಲಿದು ಸೇರಿಸಿದರೆ ರಭಸದ ರಕ್ತ ಮೇಲಿನ ನಾಳಕ್ಕೆ ನುಗ್ಗಿ, ಅದು ಉಬ್ಬಿ ಗೋಡೆ ದಪ್ಪವಾಗುತ್ತದೆ. ಈ ಜೋಡಣೆಯೇ ಫಿಸ್ಟುಲಾ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬ್ರೆಶಿಯಾ, ಚಿಮಿನೊ, ಆಪೆಲ್ ಎಂಬ ವೈದ್ಯರು ಇದನ್ನು ಮಾಡಿ 1966ರಲ್ಲಿ ಪ್ರಕಟಿಸಿದರು. ಹೊರಗಿನ ಪೈಪಿಲ್ಲದೆ ರೋಗಿಯ ಸ್ವಂತ ರಕ್ತನಾಳವನ್ನೇ ಬಳಸುವುದು ಇದರ ಹೆಚ್ಚುಗಾರಿಕೆ. ಇಷ್ಟು ವರ್ಷವಾದರೂ ಹೆಚ್ಚಿನವರಿಗೆ ಇದಕ್ಕಿಂತ ಒಳ್ಳೆಯ ದಾರಿ ಬಂದಿಲ್ಲ. ನಾಳ ತೀರಾ ಸಣ್ಣದಿದ್ದವರಿಗೆ ಗ್ರಾಫ್ಟ್ (ಕೃತಕ ನಾಳ) ಹಾಕುತ್ತಾರೆ. ಅದಕ್ಕೇ ಮೊದಲು ನಾಳದ ಡಾಪ್ಲರ್ ಸ್ಕ್ಯಾನ್ ಮಾಡಿ ನೋಡುವುದು.

• ಫಿಸ್ಟುಲಾ ಸಾಮಾನ್ಯವಾಗಿ ಎಡಗೈಗೆ, ಎಡಚರಿಗೆ ಬಲಗೈಗೆ. ಕಿಡ್ನಿ ತೊಂದರೆ ಶುರುವಾದಾಗಿನಿಂದಲೇ ಆ ಕೈಯನ್ನು ಉಳಿಸಿಕೊಳ್ಳಿ. ರಕ್ತ ಪರೀಕ್ಷೆ, ಸಲೈನು ಎಲ್ಲ ಇನ್ನೊಂದು ಕೈಗೆ, ಅಲ್ಲೂ ಆದಷ್ಟು ಅಂಗೈಯ ಹಿಂಬದಿಗೆ.

• ಬಾಯಿ ಬಿಟ್ಟು ಹೇಳಿ. ಫಿಸ್ಟುಲಾ ಆದ ಕೈಗೆ ಬಿ.ಪಿ. ಪಟ್ಟಿ ಬೇಡ, ಡಯಾಲಿಸಿಸ್‌ನದು ಬಿಟ್ಟು ಬೇರೆ ಸೂಜಿ ಬೇಡ. ನಮ್ಮವರಿಗೆ ದೊಡ್ಡ ಆಸ್ಪತ್ರೆಯಲ್ಲಿ ಸಿಸ್ಟರ್ ಮುಂದೆ ಮಾತಾಡಲು ಅದೇನೋ ಸಂಕೋಚ. “ಯಾ ಹಾತಾಲಾ ಸುಯಿ ನಕೋ” ಅಂತ ಮರಾಠಿಯಲ್ಲಿ ಹೇಳಿ, “ಇಸ್ ಹಾಥ್ ಮೇ ನಹೀ” ಅಂತ ಹಿಂದಿಯಲ್ಲಿ ಹೇಳಿ, ಯಾವುದೂ ಬಾರದಿದ್ದರೆ ಕೈ ಹಿಂದಕ್ಕೆ ಎಳೆದುಕೊಳ್ಳಿ. ಯಾರಾದರೂ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

• ಬೆಳಗ್ಗೆ ಎದ್ದ ಕೂಡಲೇ ಹೊಲಿಗೆಯ ಜಾಗದ ಮೇಲೆ ಬೆರಳಿಡಿ. ಮಡಿಲಲ್ಲಿ ಮಲಗಿದ ಬೆಕ್ಕಿನ ಗುರುಗುಟ್ಟುವಿಕೆಯಂತೆ ಜುಂ ಅನ್ನಬೇಕು. ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ. ಜುಂ ನಿಂತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಮುಂದಿನ ಡಯಾಲಿಸಿಸ್ ಪಾಳಿಯವರೆಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ, ಬೇಗ ಹೋದರೆ ಕೆಲವೊಮ್ಮೆ ಉಳಿಸಿಕೊಳ್ಳಬಹುದು. ಡಯಾಲಿಸಿಸ್ ಮುಗಿದು ಬಿ.ಪಿ. ಬಿದ್ದ ದಿನ ತಪ್ಪದೆ ನೋಡಿ.

• ಆಪರೇಷನ್ನಿನ ಗಾಯ ಮಾಗಿದ ಮೇಲೆ, ಡಾಕ್ಟರು ಹೇಳಿದ ದಿನದಿಂದ, ಆ ಕೈಯಲ್ಲಿ ಮೆತ್ತನೆಯ ಚೆಂಡು ಹಿಡಿದು ಹಿಸುಕಿ. ಟೀವಿ ನೋಡುತ್ತಲೇ ಮಾಡಬಹುದು.

• ಹೆಂಗಸರಿಗೆ ಒಂದು ಮಾತು. ಫಿಸ್ಟುಲಾ ಕೈ ಬರಿದು ಬಿಡುವುದೆಂದರೆ ನಮಗೆ ಮನಸ್ಸೊಪ್ಪುವುದಿಲ್ಲ, ಅತ್ತೆಯಂದಿರಿಗಂತೂ ಇಲ್ಲವೇ ಇಲ್ಲ. ಬಿಗಿ ಬಳೆ ರಕ್ತದ ಓಟ ತಡೆಯುತ್ತದೆ, ಗಾಜಿನದು ಒಡೆದರೆ ನಾಳಕ್ಕೇ ತಾಗುತ್ತದೆ. ಬಳೆಯೆಲ್ಲ ಇನ್ನೊಂದು ಕೈಗೆ ಹಾಕಿ. ಗಂಡಸರು ವಾಚನ್ನು ಆಚೆ ಕೈಗೆ ಕಟ್ಟಲಿ. ರವಿಕೆಯ ತೋಳೂ ಬಿಗಿ ಬೇಡ. ಫಿಸ್ಟುಲಾ ಕೈ ತಲೆಯಡಿ ಇಟ್ಟು ಮಲಗಬಾರದು.

• ಲೋಕಲ್ ರೈಲಿನಲ್ಲಿ ಆ ಕೈಯಿಂದ ಹಿಡಿಕೆಗೆ ಜೋತುಬೀಳಬೇಡಿ. ಗರ್ದಿಯ ಹೊತ್ತು ಬಿಟ್ಟೇ ಹೊರಡಿ. ಊರಿಗೆ ಮತ್ಸ್ಯಗಂಧ ರೈಲು ಹಿಡಿಯಲು ಠಾಣೆಗೆ ಹೋಗುವಾಗ ಬ್ಯಾಗು ಮಕ್ಕಳ ಕೈಯಲ್ಲಿರಲಿ. ಉಡುಪಿಯಲ್ಲೋ ಮಂಗಳೂರಿನಲ್ಲೋ ಡಯಾಲಿಸಿಸ್ ಪಾಳಿ ಗೊತ್ತುಮಾಡಿಕೊಳ್ಳದೆ ಟಿಕೆಟ್ ತೆಗೆಯಬೇಡಿ.

• ಡಯಾಲಿಸಿಸ್ ಸೆಂಟರು ಮನೆಗೆ ಹತ್ತಿರವೇ ಇರಲಿ. 2005ರ ಜುಲೈ 26ರಂದು ಮುಂಬೈ ಮುಳುಗಿ ಓಡಾಟ ನಿಂತ ಮಳೆ ಕಂಡವರಿಗೆ ಇದರ ಕಾರಣ ಹೇಳಬೇಕಾಗಿಲ್ಲ.

• ಸೂಜಿ ಪ್ರತಿಸಲ ಒಂದೇ ಕಡೆ ಚುಚ್ಚಿಸಿಕೊಂಡರೆ ಅಲ್ಲಿ ಗೋಡೆ ತೆಳ್ಳಗಾಗಿ ಬಲೂನಿನಂತೆ ಊದುತ್ತದೆ. ಜಾಗ ಬದಲಿಸಲು ಹೇಳಿ, ನೋವು ಕಡಿಮೆ ಎಂದು ಹಳೆ ತೂತನ್ನೇ ಕೇಳಬೇಡಿ. ಮಶೀನಿಗೆ ಕೂರುವ ಮುಂಚೆ ಕೈಯನ್ನು ಸಾಬೂನಿನಿಂದ ತೊಳೆಯಿರಿ.

• ಬೆರಳು ತಣ್ಣಗಾಗಿ ಬಿಳಿಚಿಕೊಂಡು ನೋಯುತ್ತಿದ್ದರೆ, ಗಾಯ ಕೆಂಪಾಗಿ ಕೀವು ಬಂದರೆ, ಚಳಿಜ್ವರ ಬಂದರೆ ಮನೆಮದ್ದು ಬೇಡ. ಎಣ್ಣೆ ತಿಕ್ಕುವುದಂತೂ ಬೇಡವೇ ಬೇಡ.

• ದುಡ್ಡಿನ ಚಿಂತೆ ಇದ್ದವರು ಮಹಾರಾಷ್ಟ್ರ ಸರ್ಕಾರದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ಸಹಾಯಕ ‘ಆರೋಗ್ಯಮಿತ್ರ’ ಎಲ್ಲಿದ್ದಾರೆಂದು ಆಸ್ಪತ್ರೆಯಲ್ಲಿ ಕೇಳಿ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಡಯಾಲಿಸಿಸ್ ಜೊತೆಗೆ ಫಿಸ್ಟುಲಾ ಆಪರೇಷನ್ನಿನ ವಿಷಯವನ್ನೂ ಅವರಲ್ಲೇ ಕೇಳಿ.

• ಈ ಕೊನೆಯ ಮಾತು ಮನೆಯವರಿಗೆಲ್ಲ ತಿಳಿದಿರಲಿ. ಫಿಸ್ಟುಲಾ ಊದಿದ ಜಾಗದ ಚರ್ಮ ಹೊಳೆಯುತ್ತಿದ್ದರೆ, ಹಕ್ಕಳೆ ಒಣಗದೆ ಉಳಿದಿದ್ದರೆ ಆ ದಿನವೇ ಡಾಕ್ಟರಿಗೆ ತೋರಿಸಿ, ಅದು ಒಡೆಯಬಹುದು. ರಕ್ತ ಚಿಮ್ಮಿದರೆ ದಪ್ಪ ಟವೆಲ್ ಸುತ್ತುತ್ತ ಕೂರಬೇಡಿ. ತೂತಿನ ಮೇಲೇ ಬೆರಳಿಟ್ಟು ಗಟ್ಟಿಯಾಗಿ ಒತ್ತಿ, ಕೈ ಮೇಲೆತ್ತಿ, ಇನ್ನೊಬ್ಬರಿಂದ 108ಕ್ಕೆ ಫೋನು ಮಾಡಿಸಿ. ಆಸ್ಪತ್ರೆಯವರು ಹೇಳುವವರೆಗೆ ಬೆರಳು ತೆಗೆಯಬೇಡಿ.