ಮಾಸಾಶನದ ಅರ್ಜಿ ತಿರಸ್ಕೃತವಾದರೆ

ನಮ್ಮ ಸದಸ್ಯರ ಕೆಲವು ಮನೆಗಳಲ್ಲಿ ಆಟಿಸಂ ಇರುವ ಹದಿಹರೆಯದ ಮಕ್ಕಳಿದ್ದಾರೆ. 'ಕೈಕಾಲು ನೆಟ್ಟಗಿದೆಯಲ್ಲ, ಇವನಿಗೇನು ಊನ?' ಎಂಬ ಮಾತು ಆ ತಂದೆತಾಯಿಗಳಿಗೆ ಹೊಸದಲ್ಲ. ಮಾಸಾಶನದ ಅರ್ಜಿ ತಿರಸ್ಕೃತವಾಯಿತೆಂದು ಸುಮ್ಮನಾಗಬೇಕಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಸಹ ಸೇರಿದೆ.

ಮೊದಲು ಕಾರಣ ತಿಳಿಸುವ ಹಿಂಬರಹವನ್ನು ಕೇಳಿ ಪಡೆಯಬೇಕು. ಆದಾಯದ ಅಥವಾ ವಾಸದ ದಾಖಲೆ ಸಾಲದೆಂದಿದ್ದರೆ ಅದನ್ನು ಒದಗಿಸಿ ಮತ್ತೆ ಕೇಳಬಹುದು. ಊನದ ಪ್ರಮಾಣ ಶೇ. 40ಕ್ಕಿಂತ ಕಡಿಮೆ ಎಂದಿದ್ದರೆ, ಪ್ರಶ್ನಿಸಬೇಕಾದದ್ದು ವೈದ್ಯಕೀಯ ಪ್ರಮಾಣಪತ್ರವನ್ನು. ಅದಕ್ಕೆ ಇದೇ ಕಾಯಿದೆಯ 59ನೇ ಕಲಮಿನಂತೆ ಮೇಲ್ಮನವಿಯುಂಟು. ಕಾಲಮಿತಿ ಎಷ್ಟೆಂದು ಕಛೇರಿಯಲ್ಲಿ ಕೂಡಲೇ ವಿಚಾರಿಸಬೇಕು.

ಆಟಿಸಂ ಅಳೆಯುವ ಭಾರತೀಯ ಮಾಪನದಲ್ಲಿ 40 ಅಂಶಗಳಿವೆ. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ನಡವಳಿಕೆ ಎಷ್ಟು ಸಲ ಕಾಣುತ್ತದೆಂಬುದು ಇಲ್ಲಿ ಮುಖ್ಯ. ಸ್ವಲ್ಪ ಹೊತ್ತು ನೋಡುವ ವೈದ್ಯರಿಗೆ ಇದೆಲ್ಲ ಕಾಣದು, ಬಲ್ಲವರು ಮನೆಯವರು. ತೋಟದ ಮಳೆಯನ್ನು ದಿನದಿನವೂ ಬರೆದಿಡುವ ನಾವು ಇದನ್ನೂ ಕೆಲವು ವಾರ ಬರೆದಿಡೋಣ. 'ಬಹಳ ಕಷ್ಟ' ಎಂದರೆ ಸಾಲದು. 'ಸ್ನಾನಕ್ಕೆ ದಿನವೂ ಒಬ್ಬರು ಬೇಕು. ಈ ವಾರ ಮೂರು ಸಲ ರಸ್ತೆಗೆ ಓಡಿದ. ಕಳೆ ಕೊಚ್ಚುವ ಯಂತ್ರದ ಸದ್ದಿಗೆ ಕಿವಿ ಮುಚ್ಚಿ ಒಂದು ಗಂಟೆ ಅತ್ತ' ಎಂದು ತಾರೀಖು ಹಾಕಿ ಬರೆಯಬೇಕು. ಒಳ್ಳೆಯ ದಿನಗಳನ್ನೂ ಬಿಡಬಾರದು. ಹೆಚ್ಚಿಸಿ ಬರೆದ ಲೆಕ್ಕವನ್ನು ಯಾರೂ ನಂಬುವುದಿಲ್ಲ.

ಇದರೊಡನೆ ಶಾಲೆಯ ಉಪಾಧ್ಯಾಯರ ಪತ್ರ, ಹಳೆಯ ಚಿಕಿತ್ಸೆಯ ಚೀಟಿಗಳನ್ನು ಲಗತ್ತಿಸಿ, ಎಲ್ಲದರ ಪ್ರತಿಯಿಟ್ಟುಕೊಂಡು ಸ್ವೀಕೃತಿ ಪಡೆಯಬೇಕು. ಉತ್ತರವೇ ಬಾರದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ಬರೆಯಲು ತೊಡಕೆನಿಸಿದವರು ನೆರೆಯ ಸದಸ್ಯರ ನೆರವು ಕೇಳಲು ಸಂಕೋಚಪಡಬಾರದು.