ಒಣನಾಡಿನ ಕಲ್ಲುಗಳ ವಯಸ್ಸು: ಮಾಸ್ತಿಯಿಂದ ಬಾದಾಮಿಯವರೆಗೆ

ಪಾಳುಬಿದ್ದ ಕಟ್ಟಡವೊಂದನ್ನು ಕಂಡೊಡನೆ ನೋಡುವವನ ಮನಸ್ಸಿನಲ್ಲಿ ಏಳುವ ಮೊದಲನೆಯ ಪ್ರಶ್ನೆ "ಇದು ಎಷ್ಟು ಹಳೆಯದು?" ಎಂಬುದು. ಕಟ್ಟಿಸಿದವರು ಶಾಸನವನ್ನು ಬರೆಸಿದ್ದರೆ ಉತ್ತರ ಸುಲಭ. ಬರವಣಿಗೆಯನ್ನೇ ಅರಿಯದ ಜನರು ಕಟ್ಟಿದ್ದಾದರೆ ಹೇಗೆ? ಕಲ್ಲು ತನ್ನ ವಯಸ್ಸನ್ನು ತಾನಾಗಿ ಹೇಳಲಾರದು. ಬಂಡೆಯೇನೋ ಇನ್ನೂರೈವತ್ತು ಕೋಟಿ ವರ್ಷ ಹಳೆಯದಾಗಿರಬಹುದು. ಅದನ್ನು ಸೀಳಿ ಮನೆಯಾಗಿ ನಿಲ್ಲಿಸಿದ ಕೈಗಳ ಕಾಲ ಅದರಿಂದ ತಿಳಿಯುವುದಿಲ್ಲ.

ಈ ಪ್ರಶ್ನೆಯನ್ನು ವಿಜ್ಞಾನವು ಬಿಡಿಸಿದ ಬಗೆಯನ್ನು ಎರಡು ಒಣನಾಡುಗಳ ನಿದರ್ಶನದಿಂದ ತಿಳಿಯಬಹುದು. ಒಂದು, ಅಮೆರಿಕದ ಸಂಯುಕ್ತ ಸಂಸ್ಥಾನಗಳ ನೈಋತ್ಯ ಭಾಗದ ಮರುಭೂಮಿ. ಇನ್ನೊಂದು, ನಮ್ಮದೇ ಆದ ಮೈದಾನ ಸೀಮೆ. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿಯಿಂದ ಹೊರಟು ಮಾಲೂರು, ಬೆಂಗಳೂರು, ತುಮಕೂರು, ಚಿತ್ರದುರ್ಗ, ಮೊಳಕಾಲ್ಮೂರು, ಗಂಗಾವತಿ, ಐಹೊಳೆಗಳ ಮಾರ್ಗವಾಗಿ ಬಾದಾಮಿಯನ್ನು ಸೇರುವ ರಸ್ತೆಯಲ್ಲಿ ಈ ಪಾಠದ ಹಲವು ಪುಟಗಳು ತೆರೆದುಕೊಂಡಿವೆ. ಹೊರಡುವ ಮೊದಲು ಅಮೆರಿಕದ ಕಥೆಯನ್ನು ನೋಡೋಣ. ಅದರ ತುದಿಯು ನಮ್ಮ ದಾರಿಯಲ್ಲಿ ಬಂದು ಸೇರುವುದು.

ಬರಗಾಲದ ಲೆಕ್ಕ

ಕೊಲೊರಾಡೊ, ಯೂಟಾ, ಅರಿಜೋನ, ನ್ಯೂ ಮೆಕ್ಸಿಕೊ ಎಂಬ ನಾಲ್ಕು ರಾಜ್ಯಗಳು ಕೂಡುವ ಪ್ರದೇಶವು ಮರಳುಗಲ್ಲಿನ ಎತ್ತರವಾದ ಪೀಠಭೂಮಿ. ನದಿಗಳು ಅದನ್ನು ಆಳವಾದ ಕಮರಿಗಳಾಗಿ ಕೊರೆದಿವೆ. ಅಲ್ಲಿ ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳಗಳನ್ನು ಬೆಳೆದು ಬಾಳಿದ ಜನರನ್ನು ಪುರಾತನ ಪ್ವೆಬ್ಲೊ ಜನರೆಂದು ಕರೆಯುವರು. 'ಪ್ವೆಬ್ಲೊ' ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಊರು. ಮೆಸಾ ವರ್ಡೆ ಎಂಬಲ್ಲಿ ಅವರು ಬಂಡೆಯ ಗೋಡೆಯಲ್ಲಿನ ಪೊಟರೆಗಳೊಳಗೆ ಕಲ್ಲಿನ ಊರುಗಳನ್ನೇ ಕಟ್ಟಿದರು. ಅವುಗಳಲ್ಲಿ ದೊಡ್ಡದಾದ 'ಕ್ಲಿಫ್ ಪ್ಯಾಲೆಸ್' ಎಂಬುದರಲ್ಲಿ ಸುಮಾರು 150 ಕೋಣೆಗಳಿವೆ.

ಈ ಮನೆಗಳ ಕಾಲವನ್ನು ಕಂಡುಹಿಡಿಯಲು ದಾರಿ ತೋರಿದವನು ಪುರಾತತ್ತ್ವಜ್ಞನಲ್ಲ, ಖಗೋಳಜ್ಞ. ಎ. ಇ. ಡಗ್ಲಸ್ ಎಂಬುವನು ಸೂರ್ಯನ ಕಲೆಗಳಿಗೂ ಭೂಮಿಯ ಮಳೆಗೂ ಸಂಬಂಧವಿದೆಯೇ ಎಂದು ತಿಳಿಯಲು ಮರಗಳ ವಾರ್ಷಿಕ ಉಂಗುರಗಳನ್ನು ಅಳೆಯತೊಡಗಿದನು. ಒಣನಾಡಿನಲ್ಲಿ ಒಳ್ಳೆಯ ಮಳೆಯಾದ ವರ್ಷ ಮರವು ಅಗಲವಾದ ಉಂಗುರವನ್ನು ಬೆಳೆಸುವುದು. ಬರದ ವರ್ಷ ಕೂದಲೆಳೆಯಷ್ಟು ಕಿರಿದಾದುದನ್ನು. ಹೀಗೆ ಅಗಲ ಕಿರಿದುಗಳ ಒಂದು ಸಾಲು ಏರ್ಪಡುವುದು. ಒಂದೇ ಸೀಮೆಯ ಮರಗಳೆಲ್ಲವೂ ಒಂದೇ ಬರವನ್ನು ಕಂಡಿರುವುದರಿಂದ ಅವುಗಳ ಸಾಲುಗಳು ಒಂದನ್ನೊಂದು ಹೋಲುವುವು.

ಇದು ನಮಗೆ ಅಪರಿಚಿತವಾದ ಉಪಾಯವಲ್ಲ. ಜನ್ಮದಿನವನ್ನು ಅರಿಯದ ಹಿಂದಿನ ಕಾಲದ ಹಿರಿಯರು "ಧಾತು ಬರದ ವರ್ಷ ನಾನು ಎದೆಯುದ್ದ ಇದ್ದೆ" ಎಂದು ವಯಸ್ಸು ಹೇಳುತ್ತಿದ್ದರಷ್ಟೆ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಕಂಗೆಡಿಸಿದ ಆ ಕ್ಷಾಮವು ಎಲ್ಲರ ನೆನಪಿನಲ್ಲಿಯೂ ಒಂದೇ ಗುರುತಾಗಿ ನಿಂತಿತ್ತು. ಮರಗಳು ಮಾಡುವುದೂ ಇದನ್ನೇ.

ಆದರೆ ಡಗ್ಲಸನಿಗೆ ಒಂದು ತೊಡಕಿತ್ತು. ಬದುಕಿರುವ ಮರಗಳಿಂದ ಹಿಂದಕ್ಕೆ ಎಣಿಸಿದ ಸಾಲು ಒಂದು. ಪಾಳುಮನೆಗಳ ತೊಲೆಗಳಿಂದ ಜೋಡಿಸಿದ ಸಾಲು ಇನ್ನೊಂದು. ಎರಡನೆಯದರಲ್ಲಿ ಯಾವ ಮನೆ ಮೊದಲು, ಯಾವುದು ಅನಂತರ ಎಂಬುದು ತಿಳಿಯುತ್ತಿತ್ತೇ ಹೊರತು ಇಸವಿ ತಿಳಿಯುತ್ತಿರಲಿಲ್ಲ. ಶಕವರ್ಷವನ್ನು ಹೇಳದೆ ಬರಿಯ ಸಂವತ್ಸರದ ಹೆಸರನ್ನು ಹೇಳುವ ಶಾಸನದಂತೆಯೇ ಇದು. 'ಧಾತು ಸಂವತ್ಸರ' ಅರುವತ್ತು ವರ್ಷಕ್ಕೊಮ್ಮೆ ಬರುವುದು; ಯಾವ ಧಾತು ಎಂದು ಬಲ್ಲವರಾರು? 1929ರ ಜೂನ್ ತಿಂಗಳಲ್ಲಿ ಅರಿಜೋನದ ಶೋ ಲೋ ಎಂಬ ಊರಿನಲ್ಲಿ ಅರೆಸುಟ್ಟ ತೊಲೆಯೊಂದು ದೊರೆಯಿತು. ಅದರ ಉಂಗುರಗಳು ಎರಡು ಸಾಲುಗಳಿಗೂ ಹೊಂದಿಕೊಂಡು ಅವನ್ನು ಬೆಸೆದುವು. ಒಂದೇ ರಾತ್ರಿಯಲ್ಲಿ ಹತ್ತಾರು ಪಾಳುಮನೆಗಳಿಗೆ ಇಸವಿ ದೊರೆತಂತಾಯಿತು.

ಮೆಸಾ ವರ್ಡೆಯ ಪೊಟರೆಯ ಊರುಗಳು ಬಹುಮಟ್ಟಿಗೆ 13ನೆಯ ಶತಮಾನದವು ಎಂಬುದೂ, 1276ರಿಂದ 1299ರವರೆಗೆ ದೀರ್ಘವಾದ ಬರ ಬಿದ್ದಿತೆಂಬುದೂ ಉಂಗುರಗಳಿಂದಲೇ ತಿಳಿದುಬಂದುವು. 1300ರ ಹೊತ್ತಿಗೆ ಆ ಊರುಗಳು ಬರಿದಾದುವು. ಬರವೊಂದೇ ಕಾರಣವಲ್ಲ, ಕಲಹವೂ ಇದ್ದಿತೆಂದು ವಿದ್ವಾಂಸರ ಅಭಿಪ್ರಾಯ. ಆದರೆ ಆ ಜನರು ಮಾಯವಾಗಲಿಲ್ಲ. ದಕ್ಷಿಣಕ್ಕೂ ಪೂರ್ವಕ್ಕೂ ವಲಸೆಹೋದರು. ಹೋಪಿ, ಜುನಿ ಮುಂತಾದ ಇಂದಿನ ಪ್ವೆಬ್ಲೊ ಸಮುದಾಯಗಳು ಅವರ ಸಂತತಿಯೇ.

ಬ್ರಹ್ಮಗಿರಿಯ ಪದರಗಳು

ಈಗ ನಮ್ಮ ದಾರಿಯನ್ನು ಹಿಡಿಯೋಣ. ಮಾಸ್ತಿಯ ಸುತ್ತಣ ನೆಲವು ಗ್ರಾನೈಟ್ ಜಾತಿಯ ಅತಿ ಪ್ರಾಚೀನ ಶಿಲೆ. ಟೇಕಲ್ಲಿನ ಬಳಿ ಯಾರೋ ಒಟ್ಟಿದಂತೆ ತೋರುವ ಗುಂಡುಗಳು ಬಿಸಿಲು ಮಳೆಗಳಿಂದ ಅಂಚು ಸವೆದು ಉಳಿದ ಬಂಡೆಗಳೇ. ಬೆಂಗಳೂರನ್ನು ದಾಟಿ ವಾಯವ್ಯಕ್ಕೆ ನಡೆದಂತೆ ನೆಲ ಇನ್ನೂ ಒಣಗುವುದು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದಲ್ಲಿ ಅತಿ ಕಡಮೆ ಮಳೆ ಬೀಳುವ ಸ್ಥಳಗಳ ಸಾಲಿಗೆ ಸೇರಿದವು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರಿಗೆ ಅಶೋಕನ ಶಾಸನ ದೊರೆಯಿತು. ಡಾ. ಎಂ. ಎಚ್. ಕೃಷ್ಣ ಅವರು 1940ರ ದಶಕದ ಆರಂಭದಲ್ಲಿ ಅಲ್ಲಿ ಉತ್ಖನನ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದನು. ನೆಲದಲ್ಲಿ ಮೂರು ಸಂಸ್ಕೃತಿಗಳು ಒಂದರ ಮೇಲೊಂದು ಪದರಗಳಾಗಿ ಕಂಡುವು: ಕೆಳಗೆ ನಯಗೊಳಿಸಿದ ಕಲ್ಲುಕೊಡಲಿಯ ಜನ, ಅದರ ಮೇಲೆ ಕಬ್ಬಿಣವನ್ನು ಬಲ್ಲ, ದೊಡ್ಡ ಕಲ್ಲುಗಳಿಂದ ಗೋರಿಗಳನ್ನು ಕಟ್ಟಿದ ಬೃಹತ್ಶಿಲಾ ಸಂಸ್ಕೃತಿಯ ಜನ, ಅದರ ಮೇಲೆ ಸಾತವಾಹನರ ಕಾಲದವರು. ಅಡಿಯ ಪದರ ಹಳೆಯದು, ಮೇಲಿನದು ಹೊಸದು ಎಂಬುದು ಸ್ಪಷ್ಟ. ಇಸವಿ?

ಇಲ್ಲಿ ತೊಲೆಗಳಿಲ್ಲ. ಮರವನ್ನು ಗೆದ್ದಲೂ ಮಳೆಯೂ ತಿಂದುಹಾಕಿವೆ. ವೀಲರನು ಮಡಕೆಗಳ ಮೊರೆಹೊಕ್ಕನು. ಮೇಲಿನ ಪದರದಲ್ಲಿ ದೊರೆತ ಒಂದು ಬಗೆಯ ರೇಖಾಲಂಕಾರದ ಮಡಕೆ ಪಾಂಡಿಚೇರಿಯ ಬಳಿಯ ಅರಿಕಮೇಡಿನಲ್ಲಿಯೂ ದೊರೆತಿತ್ತು. ಅಲ್ಲಿ ಅದರೊಡನೆ ಇಟಲಿಯಿಂದ ಬಂದ, ಕಾಲ ತಿಳಿದಿರುವ ಪಾತ್ರೆಗಳೂ ಇದ್ದುವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿ ಟೈಬೀರಿಯಸನ ನಾಣ್ಯವೂ ಸಿಕ್ಕಿತು. ಈ ಎಳೆಯನ್ನು ಹಿಡಿದು ಮೇಲಿನ ಪದರವನ್ನು ಕ್ರಿ.ಶ. 1ನೆಯ ಶತಮಾನಕ್ಕೆ ಕಟ್ಟಿದ ಮೇಲೆ, ಕೆಳಗಿನ ಪದರಗಳ ದಪ್ಪವನ್ನು ನೋಡಿ ಅವನು ಅಂದಾಜು ಮಾಡಿದನು. ಬೃಹತ್ಶಿಲಾ ಸಂಸ್ಕೃತಿಗೆ ಕ್ರಿ.ಪೂ. 2ನೆಯ ಶತಮಾನದ ಆರಂಭವನ್ನೂ, ಕಲ್ಲುಕೊಡಲಿಯ ಜನರಿಗೆ ಕ್ರಿ.ಪೂ. ಒಂದು ಸಾವಿರದ ಈಚಿನ ಕಾಲವನ್ನೂ ಕೊಟ್ಟನು. ತರ್ಕ ಶುದ್ಧವಾಗಿತ್ತು. ಆದರೆ ಪದರದ ದಪ್ಪ ನಂಬತಕ್ಕ ಗಡಿಯಾರವಲ್ಲ. ಒಂದು ಗೇಣು ಮಣ್ಣು ನೂರು ವರ್ಷದಲ್ಲಿಯೂ ಸೇರಬಹುದು, ಸಾವಿರ ವರ್ಷದಲ್ಲಿಯೂ ಸೇರಬಹುದು.

ಇಂಗಾಲದ ಗಡಿಯಾರ

ಎರಡು ವರ್ಷ ಕಳೆದು, 1949ರಲ್ಲಿ, ವಿಲರ್ಡ್ ಲಿಬಿ ಎಂಬ ರಸಾಯನವಿಜ್ಞಾನಿ ಹೊಸ ವಿಧಾನವನ್ನು ಪ್ರಕಟಿಸಿದನು. ಗಾಳಿಯಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಅತ್ಯಲ್ಪ ಪ್ರಮಾಣದಲ್ಲಿದೆ. ಬದುಕಿರುವ ಗಿಡ ಅದನ್ನು ಹೀರುತ್ತಲೇ ಇರುವುದು. ಸತ್ತೊಡನೆ ಹೀರುವುದು ನಿಂತು, ಒಳಗಿರುವುದು ನಶಿಸತೊಡಗುವುದು. 5730 ವರ್ಷಗಳಲ್ಲಿ ಅರ್ಧ ಉಳಿಯುವುದು. 11,460 ವರ್ಷಗಳಲ್ಲಿ ಕಾಲುಭಾಗ. ಆದುದರಿಂದ ಒಲೆಯ ಇದ್ದಲಿನಲ್ಲಿ, ಸುಟ್ಟ ಕಾಳಿನಲ್ಲಿ ಎಷ್ಟು ಉಳಿದಿದೆಯೆಂದು ಅಳೆದರೆ ಅದು ಸತ್ತ ಕಾಲ ತಿಳಿಯುವುದು. ಈ ಶೋಧಕ್ಕಾಗಿ ಲಿಬಿಗೆ 1960ರಲ್ಲಿ ನೊಬೆಲ್ ಬಹುಮಾನ ಬಂದಿತು.

ಈ ಗಡಿಯಾರ ನಮ್ಮ ಚರಿತ್ರೆಯನ್ನು ಹಿಂದಕ್ಕೆ ತಳ್ಳಿತು. ಕಲ್ಲುಕೊಡಲಿಯ ಜನರು ದಕ್ಷಿಣದಲ್ಲಿ ದನ ಸಾಕಿಕೊಂಡು ಬಾಳತೊಡಗಿದ್ದು ಕ್ರಿ.ಪೂ. 3ನೆಯ ಸಹಸ್ರಮಾನದಷ್ಟು ಹಿಂದೆ ಎಂದೂ, ಬೃಹತ್ಶಿಲಾ ಸಂಸ್ಕೃತಿಯ ಆರಂಭ ಕ್ರಿ.ಪೂ. ಒಂದು ಸಾವಿರದ ಆಚೆಗೆ ಎಂದೂ ತಿಳಿದುಬಂದಿತು. ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ದೊರೆತ ಸುಟ್ಟ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆಗಳಿವೆ. ಕೋಲಾರದ ರೈತನು ಇಂದಿಗೂ ಬಿತ್ತುವ ಹುರುಳಿಗೆ ಒಣನಾಡಿನಲ್ಲಿ ನಾಲ್ಕು ಸಾವಿರ ವರ್ಷದ ಪರಂಪರೆಯಿದೆ ಎಂದಾಯಿತು.

ಆದರೆ ಈ ಗಡಿಯಾರವೂ ತನಗೆ ತಾನೇ ಸರಿಯಲ್ಲ. ಗಾಳಿಯಲ್ಲಿನ ಇಂಗಾಲ-14ರ ಪ್ರಮಾಣ ಎಲ್ಲ ಕಾಲದಲ್ಲಿಯೂ ಒಂದೇ ಸಮನಾಗಿರಲಿಲ್ಲ. ಇದನ್ನು ತಿದ್ದಲು, ಇಸವಿ ನಿಶ್ಚಯವಾಗಿ ತಿಳಿದಿರುವ ಹಳೆಯ ವಸ್ತು ಬೇಕು. ಮರದ ಉಂಗುರಗಳಿಗಿಂತ ಉತ್ತಮವಾದುದು ಯಾವುದಿದೆ? ಕ್ಯಾಲಿಫೋರ್ನಿಯದ ಒಣಬೆಟ್ಟಗಳಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಮೀರಿ ಬದುಕುವ ಬ್ರಿಸಲ್‌ಕೋನ್ ಪೈನ್ ಮರಗಳಿವೆ. ಅವುಗಳ ಉಂಗುರಗಳನ್ನು ಎಣಿಸಿ, ಒಂದೊಂದರ ಇಂಗಾಲವನ್ನು ಅಳೆದು, ತಿದ್ದುಪಡಿಯ ರೇಖೆಯನ್ನು ರಚಿಸಿದರು. ಅದಿಲ್ಲದಿದ್ದರೆ ಕ್ರಿ.ಪೂ. 2000ದ ಇದ್ದಲು ಸುಮಾರು 300 ವರ್ಷ ಎಳೆಯದೆಂದು ತೋರುತ್ತಿತ್ತು. ಡಗ್ಲಸನು ಪ್ವೆಬ್ಲೊ ಜನರ ತೊಲೆಗಳಿಗಾಗಿ ಬೆಳೆಸಿದ ವಿದ್ಯೆಯೇ ಹೀಗೆ ಬಳ್ಳಾರಿ ಸೀಮೆಯ ಒಲೆಯ ಬೂದಿಯ ಕಾಲವನ್ನು ತಿದ್ದಲು ಒದಗಿತು.

ಹಿರೇಬೆಣಕಲ್ಲಿನ ಕಲ್ಮನೆಗಳು

ಬಳ್ಳಾರಿಯನ್ನು ಬಿಟ್ಟು ತುಂಗಭದ್ರೆಯನ್ನು ದಾಟಿದರೆ ಕೊಪ್ಪಳ ಜಿಲ್ಲೆಯ ಗಂಗಾವತಿ. ಅದರ ಸಮೀಪದ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಸುಮಾರು 400 ಬೃಹತ್ಶಿಲಾ ರಚನೆಗಳಿವೆ. ಮೂರು ಕಡೆ ಅಥವಾ ನಾಲ್ಕು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಎದುರಿಗೆ ಕೆಲವಕ್ಕೆ ದುಂಡನೆಯ ಕಿಂಡಿ. ಇವೇ ಕಲ್ಮನೆಗಳು. ಕೆಲವು ಆಳೆತ್ತರವನ್ನೂ ಮೀರಿವೆ. ಇಂಥವನ್ನು ಕುಳ್ಳರಾದ 'ಮೋರ್ಯರು' ಕಟ್ಟಿಕೊಂಡ ಮನೆಗಳೆಂದೂ, ಬೆಂಕಿಯ ಮಳೆ ಬಿದ್ದು ಅವರೆಲ್ಲರೂ ನಾಶವಾದರೆಂದೂ ಜನರು ಹೇಳುವರು. ಕೋಲಾರದ ಕಡೆ ಇವನ್ನೇ ಪಾಂಡವರ ಹೆಸರಿನಿಂದ ಕರೆಯುವುದುಂಟು.

ವಿಜ್ಞಾನ ಕಾಣುವುದು ಬೇರೆ ಕಥೆಯನ್ನು. ಇಲ್ಲಿಯ ಗ್ರಾನೈಟ್ ಈರುಳ್ಳಿಯ ಸಿಪ್ಪೆಯಂತೆ ಪದರುಪದರಾಗಿ ಸುಲಿಯುವ ಸ್ವಭಾವದ್ದು. ಆಳದಲ್ಲಿ ಭಾರದ ಕೆಳಗಿದ್ದ ಶಿಲೆ, ಮೇಲಿನ ನೆಲ ಸವೆದು ಭಾರ ಇಳಿದಾಗ ಉಬ್ಬಿ ಸೀಳುವುದು. ಕಬ್ಬಿಣದ ಯುಗದ ಜನರು ಈ ಪದರಗಳನ್ನು ಎಬ್ಬಿಸಿ ಚಪ್ಪಡಿ ಮಾಡಿಕೊಂಡರು. ಕಲ್ಲು ತೆಗೆದ ಹಳ್ಳವೇ ಮಳೆನೀರು ನಿಲ್ಲುವ ಕೊಳವಾಯಿತು. ಗೋರಿಗೆ ಕಲ್ಲು, ಬದುಕಿಗೆ ನೀರು: ಒಂದೇ ಕೆಲಸದಿಂದ ಎರಡು ಪ್ರಯೋಜನ. ಈ ಜನರೂ ಮಾಯವಾದವರಲ್ಲ. ಅವರ ಕಬ್ಬಿಣ, ಅವರ ಬೆಳೆ, ನೀರನ್ನು ಕಟ್ಟಿ ನಿಲ್ಲಿಸುವ ಅವರ ಅಭ್ಯಾಸ ಮುಂದಿನವರಿಗೆ ಬಂದಿವೆ. ಕೋಲಾರ ಸೀಮೆಯಲ್ಲಿ ಊರೂರಿಗೆ ಕಾಣುವ ಕೆರೆಗಳೂ ಒಣನಾಡಿನ ಅದೇ ಪ್ರಶ್ನೆಗೆ ಕೊಟ್ಟ ಉತ್ತರವಷ್ಟೆ.

ಕೆಂಪು ಕಮರಿಗಳು

ಕುಷ್ಟಗಿ, ಇಳಕಲ್ಲುಗಳನ್ನು ಕಳೆದು ಮಲಪ್ರಭೆಯ ಕಣಿವೆಗೆ ಬಂದಾಗ ಬಂಡೆಯ ಬಣ್ಣವೂ ಆಕಾರವೂ ಬದಲಾಗುವುವು. ಗುಂಡುಗಳ ಬದಲು ಚಪ್ಪಟೆ ತಲೆಯ, ಕಡಿದಾದ ಗೋಡೆಯ ಕೆಂಪು ಬೆಟ್ಟಗಳು. ಇದು ಮರಳುಗಲ್ಲು. ಭೂಮಿಯಲ್ಲಿ ಪ್ರಾಣಿವರ್ಗ ತಲೆದೋರುವುದಕ್ಕೂ ಮೊದಲು ನೀರು ತಂದು ಹಾಸಿದ ಮರಳು ಇಲ್ಲಿ ಕಲ್ಲಾಗಿದೆ. ಅಲೆಯ ಗುರುತುಗಳು ಕೆಲವು ಬಂಡೆಗಳಲ್ಲಿ ಇಂದಿಗೂ ಇವೆ. ಇದರ ಪದರಗಳು ಅಡ್ಡಲಾಗಿವೆ, ಬಿರುಕುಗಳು ನೆಟ್ಟಗಿವೆ. ಬಿರುಕಿನ ಗುಂಟ ನೀರಿಳಿದು, ಬಂಡೆ ಗೋಡೆಯಂತೆ ಕಳಚಿ ಬೀಳುವುದು. ಬಾದಾಮಿಯ ಕಿರುಗಮರಿಗಳು ಹುಟ್ಟಿದ್ದು ಹೀಗೆ.

ಮೆಸಾ ವರ್ಡೆಯಲ್ಲಿಯೂ ಮರಳುಗಲ್ಲೇ. ಅಲ್ಲಿ ಅದರ ಕೆಳಗೆ ನೀರು ಇಳಿಯದ ಜೇಡಿಪದರವಿದೆ. ಇಂಗಿದ ನೀರು ಆ ಪದರವನ್ನು ಮುಟ್ಟಿ ಪಕ್ಕಕ್ಕೆ ಒಸರುವುದು. ಚಳಿಯಲ್ಲಿ ಹೆಪ್ಪುಗಟ್ಟಿ ಬಂಡೆಯನ್ನು ಸಡಿಲಿಸಿ ಪೊಟರೆ ಮಾಡುವುದು. ಪೊಟರೆ ಮನೆಯಾಯಿತು, ಒಸರು ಕುಡಿಯುವ ನೀರಾಯಿತು. ಬಾದಾಮಿಯಲ್ಲಿ ಹಿಮವಿಲ್ಲ, ಇಲ್ಲಿಯ ದೊಡ್ಡ ಗುಹೆಗಳನ್ನು ಮನುಷ್ಯನೇ ಕೊರೆದನು. ಆದರೆ ಊರಿನ ಪೂರ್ವಕ್ಕಿರುವ ಸಿಡ್ಲಫಡಿಯ ಸಹಜವಾದ ಬಂಡೆಯಾಸರೆಯಲ್ಲಿ ಇತಿಹಾಸಪೂರ್ವ ಕಾಲದ ಚಿತ್ರಗಳಿವೆ. ಇದಕ್ಕಿಂತ ದೊಡ್ಡ ಕಮರಿಯನ್ನು ನೋಡಬಯಸುವವರು ಆಂಧ್ರದ ಗಂಡಿಕೋಟೆಗೆ ಹೋಗಬೇಕು. ಅದನ್ನು ಕೊರೆದ ಉತ್ತರ ಪಿನಾಕಿನಿ, ಹಿಂದೆ ಕೋಲಾರ ಜಿಲ್ಲೆಗೇ ಸೇರಿದ್ದ ನಂದಿ ಬೆಟ್ಟಸಾಲಿನಲ್ಲಿ ಹುಟ್ಟಿದ ಹೊಳೆ.

ಐಹೊಳೆಯ ಮೇಗುಟಿ ಬೆಟ್ಟದ ಮೇಲೆ ನಮ್ಮ ಪಾಠ ಪೂರ್ಣವಾಗುವುದು. ದೇವಾಲಯದ ಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ. ಶಕವರ್ಷ 556 ಎಂದು ಅದರಲ್ಲಿಯೇ ಲೆಕ್ಕ ಕೊಟ್ಟಿದೆ. 78 ಕೂಡಿಸಿದರೆ ಕ್ರಿ.ಶ. 634. ಅದೇ ದೇವಾಲಯದ ಹಿಂದೆ ಮಾತಿಲ್ಲದ ಕಲ್ಮನೆಗಳು ನಿಂತಿವೆ. ಒಂದರ ಕಾಲವನ್ನು ಓದಿ ತಿಳಿಯಬಹುದು. ಇನ್ನೊಂದರ ಕಾಲವನ್ನು ಅದರ ಬುಡದ ಮಣ್ಣು, ಮಡಕೆಯ ಚೂರು, ಚಿಟಿಕೆ ಇದ್ದಲು ಹೇಳಬೇಕು.

ಅಳಿಸಿದ ಪುಟ ಮರಳಿ ಬಾರದು

ಆದುದರಿಂದಲೇ ಈ ಸ್ಥಳಗಳ ಮಣ್ಣು ಕಲ್ಲಿನಷ್ಟೇ ಬೆಲೆಯುಳ್ಳದ್ದು. ನಿಧಿಯ ಆಸೆಯಿಂದ ಕಲ್ಮನೆಯೊಂದನ್ನು ಅಗೆದವನಿಗೆ ಸಿಕ್ಕುವುದು ಒಡೆದ ಮಡಕೆ; ಆದರೆ ಪದರಗಳು ಕಲಸಿಹೋದ ಮೇಲೆ ಆ ಮಡಕೆ ಯಾವ ಕಾಲದ್ದೆಂದು ಹೇಳುವುದು ಬಹು ಕಷ್ಟ. ಚಪ್ಪಡಿಗಾಗಿ ಬಂಡೆಯನ್ನು ಸಿಡಿಸಿದರೂ ಅದೇ ನಷ್ಟ. ಅಮೆರಿಕವು ಇಂಥ ಲೂಟಿಯನ್ನು ತಡೆಯಲು 1906ರಲ್ಲಿ ಕಾನೂನು ಮಾಡಿತು. ಕರ್ನಾಟಕದಲ್ಲಿ 1961ರ ಪ್ರಾಚೀನ ಸ್ಮಾರಕಗಳ ಕಾನೂನಿದೆ. ಹಿರೇಬೆಣಕಲ್ 2021ರಲ್ಲಿ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಆದರೆ ಹೆಸರಿಲ್ಲದ ನೂರಾರು ಕಲ್ಮನೆಗಳಿಗೆ ಕಾವಲು ನೆರೆಯ ಹಳ್ಳಿಯವರ ತಿಳಿವಳಿಕೆಯೊಂದೇ.

ವಿದ್ಯಾರ್ಥಿಗಳು ಈ ಪಾಠವನ್ನು ತಮ್ಮ ಊರಿನಲ್ಲಿಯೇ ಆರಂಭಿಸಬಹುದು. ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟದಲ್ಲಿ ಕೋಲಾರ ಜಿಲ್ಲೆಯ ಶಾಸನಗಳಿವೆ. ನಿಮ್ಮ ಊರಿನದೊಂದನ್ನು ಹುಡುಕಿ, ಶಕವರ್ಷಕ್ಕೆ 78 ಕೂಡಿಸಿ ನೋಡಿ. ಮರದ ಅಂಗಡಿಯಲ್ಲಿ ಅಡ್ಡ ಕೊಯ್ದ ತೇಗದ ದಿಮ್ಮಿ ಸಿಕ್ಕಿದರೆ ಅದರ ಉಂಗುರಗಳನ್ನು ಎಣಿಸಿ, ಕಿರಿದಾದವನ್ನು ಗುರುತುಹಾಕಿ. ಹೊಲದ ಅಂಚಿನಲ್ಲಿ ಹಳೆಯ ಕಲ್ಮನೆಯೊಂದು ಕಂಡರೆ ಅಳತೆ ತೆಗೆದುಕೊಳ್ಳಿ, ಚಿತ್ರ ಬರೆದುಕೊಳ್ಳಿ, ಪುರಾತತ್ತ್ವ ಇಲಾಖೆಗೆ ತಿಳಿಸಿ. ಒಂದು ಹಿಡಿ ಮಣ್ಣನ್ನೂ ಕದಲಿಸಬೇಡಿ.